ಕಂಬಳಿಯೊಳಗಿನ ಕೆಂಪು ಅಂಕಿ

ಕಳೆದ ವರ್ಷ ಉತ್ತರೆ ಮಳೆ ಹಿಡಿದಿದ್ದ ದಿನಗಳಲ್ಲಿ ನಾನೂ ಮೊಮ್ಮಗಳೂ ಮಧುಗಿರಿಯಲ್ಲಿ ಪಾವಗಡದ ಬಸ್ಸು ಹತ್ತಿದ್ದೆವು. ಅವಳಿಗೆ ಆರು ವರ್ಷ. ಅಮ್ಮನ ಫೋನಿನಲ್ಲಿ ಕೂಡುವ ಲೆಕ್ಕದ ಆಟ ಆಡುತ್ತಿದ್ದಳು. ಸರಿಯಾದ ಅಂಕಿ ಮುಟ್ಟಿದರೆ ಬಲೂನು ಒಡೆಯುತ್ತದೆ, ಯಾರೋ ಚಪ್ಪಾಳೆ ಹೊಡೆಯುತ್ತಾರೆ. ಮಿಡಿಗೇಶಿ ದಾಟಿ ಸ್ವಲ್ಪ ದೂರ ಹೋಗಿರಬೇಕು, ಬಸ್ಸು ನಿಂತಿತು. ರಸ್ತೆಗೆ ಅಡ್ಡಲಾಗಿ ಕುರಿಮಂದೆ. ಮಳೆಯಲ್ಲಿ ನೆಂದ ಉಣ್ಣೆಯ ವಾಸನೆ ಕಿಟಕಿಯಿಂದ ಒಮ್ಮೆಗೇ ಒಳಗೆ ನುಗ್ಗಿತು. ಮೊಮ್ಮಗಳು ಫೋನು ತೊಡೆಯ ಮೇಲಿಟ್ಟು, ತೋರುಬೆರಳು ಹೊರಗೆ ಚಾಚಿ, "ಒಂದು, ಎರಡು, ಮೂರು..." ಎಂದು ಶುರು ಮಾಡಿದಳು.

ನಾನು ಗಬಕ್ಕನೆ ಆ ಬೆರಳು ಹಿಡಿದುಕೊಂಡೆ. ಮಗು ಬೆದರಿ ನನ್ನ ಮುಖ ನೋಡಿತು. ನಲವತ್ತು ವರ್ಷ ಕಳೆದರೂ ನನ್ನ ಕೈಗೆ ಆ ಭಯ ಮರೆತಿರಲಿಲ್ಲ.

ಎಂಬತ್ತೆರಡೋ ಎಂಬತ್ತಮೂರೋ ಇರಬೇಕು. ನನಗೆ ಆಗ ಇಪ್ಪತ್ತೆರಡು. ಸಿರಾ ಕಡೆಯ ಒಕ್ಕಲು ಮನೆಯ ಹುಡುಗಿ, ಟಿಸಿಎಚ್ ಮುಗಿಸಿ ಮೊದಲ ಕೆಲಸಕ್ಕೆ ಬಂದಿದ್ದೆ. ಮಿಡಿಗೇಶಿಯಲ್ಲಿ ಬಾಡಿಗೆಗೆ ಒಂದು ಕೋಣೆ. ಅಲ್ಲಿಂದ ಎರಡು ಮೈಲಿ ನಡೆದರೆ ಕುರಿ ಕಾಯುವವರ ಹಟ್ಟಿ. ಹತ್ತು ಹನ್ನೆರಡು ಗುಡಿಸಲು, ನಡುವೆ ಎಲ್ಲರ ಕುರಿಯೂ ಒಟ್ಟಿಗೆ ಮಲಗುವ ಮುಳ್ಳುಬೇಲಿಯ ರೊಪ್ಪ, ಆಚೆಗೆ ಒಂದೇ ಕೋಣೆಯ ಸ್ಕೂಲು. ಒಂದನೇ ಎರಡನೇ ಕ್ಲಾಸು ಸೇರಿ ಹತ್ತೊಂಬತ್ತು ಮಕ್ಕಳು. ಮೇಷ್ಟ್ರೂ ನಾನೇ, ಜವಾನಳೂ ನಾನೇ.

ಅಕ್ಷರ ಹೇಗೋ ಹತ್ತುತ್ತಿತ್ತು. ಲೆಕ್ಕ ಮಾತ್ರ ಕಲ್ಲಿಗೆ ನೀರು ಹೊಯ್ದ ಹಾಗೆ. ಮೊದಲ ತಿಂಗಳ ಒಂದು ಬೆಳಗ್ಗೆ ನಾನು ಕೇಳಿದೆ:

"ಐದು ಕುರಿ ಇದ್ದವು. ಎರಡು ಹೋದವು. ಉಳಿದದ್ದೆಷ್ಟು?"

ಮುಂದಿನ ಸಾಲಿನಲ್ಲಿ ರಂಗಿ ಕೂತಿದ್ದಳು. ಏಳು ವರ್ಷದ ಹುಡುಗಿ, ಮೂಗಿನ ತುದಿ ಯಾವಾಗಲೂ ಸಿಪ್ಪೆ ಸುಲಿದಿರುತ್ತಿತ್ತು. ಅವಳು ಎದ್ದು ನಿಂತು, ನಿಜವಾದ ಕಾಳಜಿಯಿಂದ ಕೇಳಿದಳು: "ಯಾವೆಲ್ಡು ಮಿಸ್?"

"ಯಾವುದಾದರೇನೇ, ಎರಡು."

"ಎಲ್ಲಿಗೋದ್ವು? ಹುಡುಕ್ಲಿಲ್ವಾ ನೀವು?"

ಇಡೀ ಕ್ಲಾಸು ನನ್ನನ್ನೇ ತಪ್ಪಿತಸ್ಥಳ ಹಾಗೆ ನೋಡಿತು. ಅವರ ಪಾಲಿಗೆ ಕುರಿ ಅಂದರೆ ಕೆಂಚಿ, ಬೋಳಿ, ಮುರುಕಿವಿ, ಸೊಟ್ಟಕಾಲಿ. ಸಂಜೆ ಮಂದೆ ರೊಪ್ಪಕ್ಕೆ ನುಗ್ಗುವಾಗ ರಂಗಿಯ ಅಜ್ಜಿ ಸಿದ್ದಜ್ಜಿ ಬಾಗಿಲಲ್ಲಿ ನಿಂತು ಒಂದೊಂದರ ಮುಖ ನೋಡಿ ಒಳಗೆ ಬಿಡುತ್ತಿದ್ದಳು. ಒಂದು ಕಡಿಮೆಯಾದರೆ, "ಬೋಳಿ ಬಂದಿಲ್ಲ, ಹಳ್ಳದ ತಾವ ನೋಡ್ರುಲಾ" ಅನ್ನುತ್ತಿದ್ದಳೇ ಹೊರತು ಅವಳ ಬಾಯಲ್ಲಿ ಅಂಕಿ ಬರುತ್ತಿರಲಿಲ್ಲ. ಬರಬಾರದು ಎಂಬ ಕಟ್ಟಳೆಯೇ ಇತ್ತು. ಬೆರಳಿಟ್ಟು ಎಣಿಸಿದರೆ ಮಂದೆ ಕರಗುತ್ತದೆ. ಅದನ್ನು ನನಗೆ ಯಾರೂ ಹೇಳಿರಲಿಲ್ಲ. ಉಸಿರಾಡುವುದನ್ನು ಯಾರು ಯಾರಿಗೆ ಹೇಳಿಕೊಡುತ್ತಾರೆ? ನಾನೂ ಕೇಳಿರಲಿಲ್ಲ. ತಪ್ಪು ಅಲ್ಲೇ ಶುರುವಾದದ್ದು.

ರಂಜಾನ್ ರಜೆಗೆ ಊರಿಗೆ ಹೋದಾಗ ಪಕ್ಕದ ಮನೆಯ ಬೀಬಮ್ಮ ನನ್ನ ಕೈಗೆ ಒಂದು ಹಳದಿ ಪೆಟ್ಟಿಗೆ ಇಟ್ಟರು. ಅವರ ಮಗ ಕುವೈತಿನಿಂದ ತನ್ನ ಹುಡುಗನಿಗೆಂದು ತಂದ ಆಟದ ಸಾಮಾನು. "ಆ ಪೋರನಿಗೆ ಕಾರ್ ಬೇಕಂತೆ ಬೇಟಿ. ಇದು ಲೆಕ್ಕ ಕೇಳ್ತೈತೆ ಅಂತ ಅಳ್ತಾನೆ. ನಿನ್ ಮಕ್ಕಳಿಗೆ ತಗೊಂಡೋಗು."

ಅಂಗೈಯಗಲದ ಪೆಟ್ಟಿಗೆ. ಮೇಲೆ ಬೆಕ್ಕಿನ ಮುಖ, ಹಣೆಯಲ್ಲಿ ಒಂದು ಸಣ್ಣ ಕಿಟಕಿ, ಹೊಟ್ಟೆಯ ಮೇಲೆ ಅಂಕಿಯ ಗುಂಡಿಗಳು. ಒತ್ತಿದರೆ ಹಣೆಯಲ್ಲಿ ಕೆಂಪಗೆ ಹೊಳೆಯುವ ಲೆಕ್ಕ ಮೂಡುತ್ತಿತ್ತು: ನಾಲ್ಕು ಕೂಡಿಸು ಮೂರು. ಉತ್ತರ ಸರಿಯಾದರೆ ಇನ್ನೊಂದು ಲೆಕ್ಕ. ತಪ್ಪಾದರೆ ಮೂರು ಕೆಂಪು ಅಡ್ಡಗೆರೆ. ಬೈಯುವುದಿಲ್ಲ, ಕೋಲೆತ್ತುವುದಿಲ್ಲ, ಮತ್ತೆ ಅದೇ ಲೆಕ್ಕ ಕೇಳುತ್ತದೆ. ಹತ್ತು ಲೆಕ್ಕ ಮುಗಿದರೆ ಒಂದು ಆಟ.

ಹಟ್ಟಿಯ ಮಕ್ಕಳು ಅದಕ್ಕೆ ಮರುಳಾಗಿಬಿಟ್ಟರು. ಆದರೆ ಬಿಸಿಲಿನಲ್ಲಿ ಆ ಕೆಂಪು ಕಾಣುತ್ತಿರಲಿಲ್ಲ, ನಮ್ಮ ಸ್ಕೂಲಿಗೆ ಇದ್ದದ್ದು ಅರ್ಧ ಹೆಂಚು. ರಂಗಿಯೇ ಉಪಾಯ ಮಾಡಿದಳು. ಮನೆಯಿಂದ ಕಂಬಳಿ ತಂದಳು. ನಾಲ್ಕು ನಾಲ್ಕು ಮಕ್ಕಳು ಅದರೊಳಗೆ ತಲೆ ತೂರಿಸಿಕೊಂಡು ಕೂರುವುದು, ನಾನೂ ಅವರ ನಡುವೆ ತಲೆ ತೂರಿಸುವುದು. ಒಳಗೆ ಉಣ್ಣೆಯ ಘಾಟು, ಮಕ್ಕಳ ಬಿಸಿಯುಸಿರು, ಕತ್ತಲಲ್ಲಿ ಬೆಕ್ಕಿನ ಹಣೆಯ ಕೆಂಪು ಅಂಕಿ, ಆ ಬೆಳಕು ಬಿದ್ದು ಕೆಂಪಾದ ನಾಲ್ಕು ಮೂಗು.

"ಸುಮ್ಕಿರ್ಲಾ, ನಾನ್ ಒತ್ತುತೀನಿ!"

"ನೀನ್ ಒತ್ತಿದ್ರೆ ಬೆಕ್ಕು ಗೆರೆ ಎಳೀತದೆ, ಬುಡು ಅತ್ಲಾಗೆ!"

ಆ ಅಂಕಿಗಳಾದರೋ ನಮ್ಮ ಸ್ಲೇಟಿನ ದುಂಡನೆಯ ಅಂಕಿಗಳಲ್ಲ, ನೆಟ್ಟಗಿನ ಕಡ್ಡಿಗಳಿಂದ ಕಟ್ಟಿದಂಥವು. ಮಕ್ಕಳು ಪೊರಕೆ ಕಡ್ಡಿ ಮುರಿದು ನೆಲದ ಮೇಲೆ ಅದನ್ನೇ ಜೋಡಿಸತೊಡಗಿದರು. "ಎಂಟಕ್ಕೆ ಏಳು ಕಡ್ಡಿ ಮಿಸ್, ಒಂದಕ್ಕೆ ಎಲ್ಡೇ" ಎಂದು ಕಂಡುಹಿಡಿದವಳೂ ರಂಗಿಯೇ. ಎರಡು ತಿಂಗಳಲ್ಲಿ ಅವಳು ಒಂದೂ ಗೆರೆ ಬೀಳದಂತೆ ಆಟ ಮುಗಿಸಿದಳು. ಯಾವೆರಡು ಹೋದವು ಎಂದು ಈಗ ಕೇಳುತ್ತಿರಲಿಲ್ಲ. ಬೆಕ್ಕಿನ ಲೆಕ್ಕದಲ್ಲಿ ಕುರಿ ಇರಲಿಲ್ಲವಲ್ಲ.

ಖುಷಿಯಲ್ಲಿ ನಾನು ಎರಡು ಕೆಲಸ ಮಾಡಿದೆ. ಒಂದು ಶನಿವಾರ ಬೆಕ್ಕನ್ನು ಬಹುಮಾನವಾಗಿ ರಂಗಿಯ ಕೈಯಲ್ಲಿ ಮನೆಗೆ ಕಳಿಸಿದೆ. ಜೊತೆಗೆ ಎಲ್ಲರಿಗೂ ಹೇಳಿದೆ: "ನಾಳೆ ರಜ. ಮನೆ ಮುಂದೆ ಏನೇನಿದೆಯೋ ಎಲ್ಲ ಎಣಿಸಿಕೊಂಡು ಬನ್ನಿ."

ಆ ವಾರ ಉತ್ತರೆ ಚೆನ್ನಾಗಿ ಹುಯ್ದಿತ್ತು. ಬೋಳುಗುಡ್ಡಗಳೆಲ್ಲ ಎಳೆಹಸಿರು. ಕುರಿಗಳು ಹೊಟ್ಟೆ ಬಿರಿಯ ಮೇಯ್ದಿದ್ದವು.

ಸೋಮವಾರ ಬೆಳಗ್ಗೆ ಹಟ್ಟಿ ಹತ್ತಿರವಾಗುತ್ತಿದ್ದ ಹಾಗೆ ನನಗೆ ಏನೋ ಸರಿಯಿಲ್ಲ ಅನ್ನಿಸಿತು. ನಾಯಿಗಳು ಬೊಗಳಲಿಲ್ಲ. ದಾರಿಗೆ ಎದುರು ಓಡಿಬರುವ ಮಕ್ಕಳು ಒಬ್ಬರೂ ಇಲ್ಲ. ಸ್ಕೂಲಿನ ಬಾಗಿಲಿಗೆ ಅಡ್ಡಲಾಗಿ, ರೊಪ್ಪದ ಬಾಯಿಗೆ ಒಡ್ಡುತ್ತಾರಲ್ಲ, ಅಂಥದೇ ಜಾಲಿಮುಳ್ಳಿನ ಕೊರೆ ಒಡ್ಡಿದ್ದರು.

ರೊಪ್ಪದ ಹತ್ತಿರ ಜನ ಸೇರಿದ್ದರು. ನೆಲದ ಮೇಲೆ ಸತ್ತ ಕುರಿಗಳು, ಹೊಟ್ಟೆ ಉಬ್ಬಿ ಕಾಲು ಸೆಟೆದಿದ್ದವು. ಹೌಹಾರಿ ನನ್ನ ಬಾಯಿಂದ ಹೊರಟದ್ದು ಒಂದೇ ಮಾತು.

"ಅಯ್ಯೋ, ಎಷ್ಟು ಸತ್ತವು?"

ರಂಗಿಯ ಚಿಕ್ಕಪ್ಪ ಚಿಕ್ಕಣ್ಣ ಗಿರ್ರನೆ ತಿರುಗಿದ. "ಇನ್ನೂ ಎಣುಸ್ತಾವ್ಳೆ ನೋಡ್ರಪ್ಪಾ! ಸತ್ತವನ್ನೂ ಬುಡಾಕಿಲ್ಲ ಇವ್ಳು!"

ಆಮೇಲೆ ತುಂಡು ತುಂಡಾಗಿ ತಿಳಿಯಿತು. ಭಾನುವಾರ ಬೆಳಗ್ಗೆ ರೊಪ್ಪದ ಬಾಯಲ್ಲಿ ರಂಗಿ ಕೂತಿದ್ದಳು. ಹೊರಡುವ ಒಂದೊಂದು ಕುರಿಗೂ ಬೆರಳು ತೋರಿಸಿ ಅಂಕಿ ಹೇಳಿದ್ದಳು, ಹೇಳಿದಂತೆಲ್ಲ ಬೆಕ್ಕಿನ ಗುಂಡಿ ಒತ್ತಿದ್ದಳು. ಮೇಷ್ಟ್ರಮ್ಮ ಹೇಳಿದ ಕೆಲಸವಲ್ಲವೇ? ಸಂಜೆಗೆ ಮೊದಲ ಕುರಿ ಬಿತ್ತು.

ರಂಗಿಯ ತಾಯಿ ನಾಗಮ್ಮ ಪಾವಗಡದ ಕಡೆಯವಳು, ಸಿಟ್ಟು ಬಂದರೆ ತೆಲುಗು; 'ಒದ್ದು' ಅಂದರೆ ಬೇಡ, 'ಸದುವು' ಅಂದರೆ ಓದು. "ಒದ್ದಮ್ಮಾ ಒದ್ದು! ನಿನ್ನ ಪೆಟ್ಟೆನೂ ಬ್ಯಾಡ, ಸದುವೂ ಬ್ಯಾಡ! ಕುರೀನ ಪೆಟ್ಟೆಗೆ ತಿನ್ನುಸ್ಬುಟ್ಟಲ್ಲಮ್ಮಾ ನನ್ ಮಗೀನ ಕೈಲಿ!"

ಅವಳ ಸೀರೆಯ ಹಿಂದೆ ರಂಗಿ ನಿಂತಿದ್ದಳು. ಮತ್ತೆ ಎಣಿಸದಂತೆ ಬಲಗೈ ತೋರುಬೆರಳಿಗೆ ಕರಿಯ ಉಣ್ಣೆದಾರ ಬಿಗಿಯಾಗಿ ಸುತ್ತಿದ್ದರು. ಬೆರಳಿನ ತುದಿ ಕೆಂಪಗಾಗಿತ್ತು. ನಾನು "ರಂಗಿ" ಅಂದೆ. ಅವಳು ಆ ಕೈಯನ್ನು ಬೆನ್ನ ಹಿಂದಕ್ಕೆ ಸರಿಸಿಕೊಂಡಳು. ಸತ್ತವುಗಳಲ್ಲಿ ಅವಳೇ ಹಾಲು ಕುಡಿಸಿ ಸಾಕಿದ ಮುರುಕಿವಿಯೂ ಇತ್ತು. ತಾನೇ ಕೊಂದೆ ಎಂದು ಆ ಮಗು ನಂಬಿತ್ತು. ಮುಖದಲ್ಲಿ ಅಳು ಕೂಡ ಇರಲಿಲ್ಲ. ಕೆಲಸ ಹೋದರೆ ಹೋಗಲಿ, ವರ್ಗವಾದರೆ ಆಗಲಿ. ಇವಳನ್ನು ಹೀಗೆ ಬಿಟ್ಟು ಹೋಗುವುದು ಹೇಗೆ?

ಸಿದ್ದಜ್ಜಿ ಮಾತ್ರ ಕೂಗಾಡಲಿಲ್ಲ. ಬೆಕ್ಕಿನ ಪೆಟ್ಟಿಗೆಯನ್ನು ಕಂಬಳಿ ಚೂರಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಿದ್ದಳು. "ಇದು ನನ್ ತಾವ ಇರ್ಲಿ. ನೀನೋಗಮ್ಮ ತಾಯಿ, ಇವತ್ತು ಇಲ್ಲಿ ನಿಂತ್ಕಬ್ಯಾಡ" ಅಂದಳು.

ನಾನು ನಿಲ್ಲಲಿಲ್ಲ. ಮಿಡಿಗೇಶಿಗೆ ಓಡಿ, ಸಿಕ್ಕಿದ ಬಸ್ಸು ಹತ್ತಿ ಮಧುಗಿರಿಯ ದನದ ಆಸ್ಪತ್ರೆಗೆ ಹೋದೆ. ಡಾಕ್ಟರು ಕೇಳಿದ್ದು ನಾಲ್ಕೇ ಮಾತು. ಹೊಟ್ಟೆ ಉಬ್ಬಿತ್ತಾ? ಇದ್ದಕ್ಕಿದ್ದಂತೆ ಬಿದ್ದವಾ? ಮಳೆಗೆ ಹೊಸ ಹುಲ್ಲು ಬಂದಿದೆಯಾ? ಗಟ್ಟಿಮುಟ್ಟಾದ ಕುರಿಗಳೇ ಹೋದವಾ?

"ಕರುಳುಬೇನೆ ಕಣಮ್ಮ. ಚಿಗುರು ಹುಲ್ಲಿಗೆ ಬಿಡಬೇಡಿ ಅಂತ ಹೇಳು. ಉಳಿದವಕ್ಕೆ ತಕ್ಷಣ ಸೂಜಿ ಹಾಕ್ಬೇಕು. ಎಷ್ಟಿವೆ?"

"ಗೊತ್ತಿಲ್ಲ ಸಾರ್."

"ಅಂದಾಜು?"

"ಅವರು ಎಣಿಸಲ್ಲ ಸಾರ್."

ಅವರು ಕನ್ನಡಕ ತೆಗೆದರು. ಔಷಧಿಯ ಬುಡ್ಡಿಗಳು ಇಡೀ ತಾಲ್ಲೂಕಿಗೆ ಬೆರಳೆಣಿಕೆಯಷ್ಟು. ಕೊರಟಗೆರೆಯಿಂದಲೂ ಕೇಳಿಕೊಂಡು ಬಂದಿದ್ದಾರೆ. ಒಡೆದ ಬುಡ್ಡಿ ಅವತ್ತೇ ಮುಗಿಯಬೇಕು, ಉಳಿದದ್ದು ಚರಂಡಿಗೆ. "ಕಮ್ಮಿ ಕಳಿಸಿದ್ರೆ ಅರ್ಧ ಮಂದೆ ಸಾಯುತ್ತೆ. ಜಾಸ್ತಿ ಕಳಿಸಿದ್ರೆ ಇನ್ನೊಂದು ಹಟ್ಟಿ ಮಂದೆ ಸಾಯುತ್ತೆ. ನಾಳೆ ಮೊದಲ ಬಸ್ಸಿನ ಕಂಡಕ್ಟರ್ ಕೈಲಿ ಚೀಟಿ ಕಳಿಸು. ನಂಬರ್ ಬಂದ್ರೆ ಕಾಂಪೌಂಡರ್ ಬರ್ತಾನೆ."

ಯಾವ ಮಾತಿನಿಂದ ಹಟ್ಟಿ ಬೆಂಕಿಯಾಗಿತ್ತೋ ಅದೇ ಮಾತನ್ನು ನಾನು ಮತ್ತೆ ಹೊತ್ತುಕೊಂಡು ಹೋಗಬೇಕಾಯಿತು. ಮುಟ್ಟುವ ಹೊತ್ತಿಗೆ ಬಿಸಿಲು ಓರೆಯಾಗಿತ್ತು. ಮಂದೆ ಇನ್ನೂ ಗುಡ್ಡದಿಂದ ಇಳಿದಿರಲಿಲ್ಲ. ಸಿದ್ದಜ್ಜಿ ರೊಪ್ಪದ ಬಾಯಲ್ಲಿ ಕೂತಿದ್ದಳು. ಎಲ್ಲ ಹೇಳಿದೆ. ಬೇನೆ, ಸೂಜಿ, ಹುಲ್ಲು, ಎಲ್ಲಕ್ಕೂ ತಲೆಯಾಡಿಸಿದಳು. ಕೊನೆಯದಕ್ಕೆ ಮುಖ ತಿರುಗಿಸಿದಳು.

"ಅದೊಂದ್ ಮಾತ್ರ ಕೇಳ್ಬ್ಯಾಡ."

"ಅಜ್ಜಿ, ನಂಬರ್ ಇಲ್ಲದಿದ್ದರೆ ಔಷಧಿ ಬರಲ್ಲ."

"ಒಂದ್ಸಾರಿ ಎಣುಸಿದ್ದಕ್ಕೆ ಇಷ್ಟಾತು. ಇನ್ನೊಂದ್ಸಾರಿ ಎಣುಸಿದ್ರೆ ರೊಪ್ಪದಾಗೆ ಮುಳ್ಳೇ ಉಳಿಯಾದು."

ಚಿಕ್ಕಣ್ಣ ದೂರದಿಂದಲೇ ಕೂಗಿದ: "ಇನ್ನೂರು ಅಂತ ಬರ್ಕಳಮ್ಮ, ಇಲ್ಲ ನಾನೂರು ಅಂತ ಬರ್ಕ! ನಮ್ಮನ್ ಬುಟ್ಬುಡು!" ಮಂದೆ ಇಳಿದು ಬರುತ್ತಿತ್ತು. ಮುಂದೆ ಬರುತ್ತಿದ್ದ ಒಂದು ದಪ್ಪ ಟಗರು ನಮ್ಮ ಕಣ್ಣೆದುರೇ ತೂರಾಡಿ, ಹಲ್ಲು ಕಡಿದು, ಮಗ್ಗುಲಾಗಿ ಬಿತ್ತು.

ಆಗ ಹಿಂದಿನಿಂದ ಸಣ್ಣ ದನಿ ಬಂತು. ಬೆಳಗಿನಿಂದ ತುಟಿ ಬಿಚ್ಚದಿದ್ದ ರಂಗಿ.

"ಅಜ್ಜೀ, ಕುರೀನ ಎಣುಸಾದು ಬ್ಯಾಡ. ನೀನು ಹೆಸ್ರು ಹೇಳು. ನಾನು ಹುಣಸೆ ಬೀಜ ಇಡ್ತೀನಿ."

ನಾಗಮ್ಮ ಅವಳ ರಟ್ಟೆ ಹಿಡಿದಳು. ಸಿದ್ದಜ್ಜಿ ಕೈಯೆತ್ತಿ ತಡೆದಳು. ಮೊಮ್ಮಗಳ ಮುಖ ನೋಡಿದಳು. ಆಮೇಲೆ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ದಿನದಂತೆ ಬಾಗಿಲಲ್ಲಿ ನಿಂತಳು.

"ಬೋಳಿ... ಬೋಳೀ ಮರಿ... ಸೊಟ್ಟಕಾಲಿ..."

ಹೆಸರಿಗೊಂದು ಬೀಜ. ಬಲಗೈ ಬೆರಳು ಕಟ್ಟಿತ್ತಲ್ಲ, ಎಡಗೈಯಲ್ಲಿ ಇಡುತ್ತಿದ್ದಳು. ಬೀಜ ಹತ್ತಾಗುತ್ತಲೇ ಗುಡ್ಡೆ ಅತ್ತ ಸರಿಸಿ ಒಂದು ಪೊರಕೆ ಕಡ್ಡಿ ಇಟ್ಟು, "ಒಂದಾಟ ಮುಗೀತು" ಎಂದು ತನ್ನಷ್ಟಕ್ಕೆ ಗೊಣಗುತ್ತಿದ್ದಳು. ಬೆಕ್ಕು ಕಲಿಸಿದ್ದು. ಒಬ್ಬೊಬ್ಬರೇ ಬೇರೆ ಮಕ್ಕಳು ಬಂದು ಸುತ್ತ ಕುಕ್ಕರಗಾಲಲ್ಲಿ ಕೂತು ಬೀಜ ಎತ್ತಿಕೊಡತೊಡಗಿದರು. ಒಂದು ಬೀಜ ತಪ್ಪಿದರೆ? ನಡುವೆ ಇನ್ನೊಂದು ಕುರಿ ಬಿದ್ದರೆ? ಬಿದ್ದಿದ್ದರೆ ಆ ಮಗುವಿನ ಗತಿ ಏನಾಗುತ್ತಿತ್ತೋ ನೆನೆಸಿಕೊಳ್ಳಲು ಇವತ್ತಿಗೂ ಧೈರ್ಯ ಸಾಲದು.

ಚಿಕ್ಕಣ್ಣ ದಡದಡನೆ ಬಂದ, ಬೀಜದ ಗುಡ್ಡೆ ಒದೆಯಲು ಕಾಲೆತ್ತಿದ. ಸಿದ್ದಜ್ಜಿ ಹೆಸರು ಕರೆಯುವುದನ್ನು ನಿಲ್ಲಿಸದೆ ನಡುವೆಯೇ ಗದರಿದಳು: "ಮಚ್ಚೆ... ಕರಿಮೂತಿ... ಬೀಜ ಕಣ್ಲಾ ಅವು, ಬೀಜಕ್ಕೆ ಯಾವ ಕಣ್ಣು ತಾಗ್ತದೆ? ಕಾಲಿಳುಸು... ಉದ್ದಬಾಲ..."

ಕಾಲು ಇಳಿಯಿತು.

ಕೊನೆಯ ಕುರಿ ಒಳಗೆ ಹೋಗಿ ಮುಳ್ಳು ಒಡ್ಡಿದಾಗ ಹೊತ್ತು ಮುಳುಗುವುದರಲ್ಲಿತ್ತು. ನಾನು ಕಡ್ಡಿಗಳತ್ತ ಬಗ್ಗಿದೆ. "ಬಾಯಲ್ಲಿ ಹೇಳ್ಬ್ಯಾಡ!" ಎಂದು ಸಿದ್ದಜ್ಜಿ ಕಿರುಚಿದಳು. ನಾನು ಬಾಯಿ ಮುಚ್ಚಿಕೊಂಡೆ. ರಂಗಿ ನನ್ನನ್ನು ನೋಡಿದಳು, ಅಜ್ಜಿಯನ್ನು ನೋಡಿದಳು. ಆಮೇಲೆ ಪೊರಕೆಯಿಂದ ಹೊಸ ಕಡ್ಡಿಗಳನ್ನು ಹಿರಿದು ಮುರಿದಳು. ಮಣ್ಣಿನ ಮೇಲೆ ಎರಡು ಕಡ್ಡಿ ಇಟ್ಟಳು, ಪಕ್ಕದಲ್ಲಿ ಏಳು, ಅದರ ಪಕ್ಕದಲ್ಲಿ ನಾಲ್ಕು.

ಹದಿನೆಂಟು ಆಟ, ಮೇಲೆ ನಾಲ್ಕು ಬೀಜ. ಬೆಕ್ಕಿನ ಹಣೆಯಲ್ಲಿ ಮೂಡುವ ಹಾಗೆಯೇ: 184.

ಒಂಬತ್ತಕ್ಕೆ ಒಂಬತ್ತು ಕೂಡಿಸಿದಾಗ ಬರುವ ಹದಿನೆಂಟು ಅವಳಿಗೆ ಗೊತ್ತಿತ್ತು. ಮುಂದೆ ನಾಲ್ಕು ಇಟ್ಟರೆ ಅದು ನೂರ ಎಂಬತ್ತನಾಲ್ಕಾಗುತ್ತದೆ ಎಂದು ಗೊತ್ತಿತ್ತೋ ಇಲ್ಲವೋ ಕಾಣೆ. ನೂರರ ಲೆಕ್ಕ ನಾನಂತೂ ಹೇಳಿಕೊಟ್ಟಿರಲಿಲ್ಲ. ಅಂಗೈ ಮೇಲೆ ಬರೆದುಕೊಂಡೆ. ಸಿದ್ದಜ್ಜಿ ಬಗ್ಗಿ ಕಡ್ಡಿಗಳನ್ನೆಲ್ಲ ಬಾಚಿ ಒಲೆಗೆ ಒಯ್ದಳು.

ಬೆಳಗ್ಗೆ ಚೀಟಿ ಹೋಯಿತು, ಹನ್ನೊಂದರ ಬಸ್ಸಿಗೆ ಐಸ್ ಡಬ್ಬಿ ಹೊತ್ತು ಕಾಂಪೌಂಡರ್ ಬಂದ. ಹಟ್ಟಿಗೆ ಹಟ್ಟಿಯೇ ಕುರಿ ಹಿಡಿದು ನಿಂತಿತು. ಮೂರು ಗಂಟೆಯ ಹೊತ್ತಿಗೆ ಅವನು ಸೂಜಿ ಒರೆಸಿಕೊಳ್ಳುತ್ತಾ, "ಆಯ್ತು ಮೇಡಂ, ನಿಮ್ ಲೆಕ್ಕಕ್ಕೆ ಸರಿಯಾಗಿ ಮುಗೀತು" ಅಂದ. ಅಷ್ಟರಲ್ಲಿ ಸಿದ್ದಜ್ಜಿ ಗುಡಿಸಲ ಹಿಂದಿನಿಂದ ಒಂದು ಮುದಿ ಕುರಿಯನ್ನು ಕಿವಿ ಹಿಡಿದು ಎಳೆದುಕೊಂಡು ಬಂದಳು. ಕೆಂಚಿ.

"ಇದೆಲ್ಲಿತ್ತಜ್ಜಿ? ಲೆಕ್ಕದಲ್ಲಿ ಇರ್ಲಿಲ್ವಲ್ಲ!"

"ಇರ್ಲಿಲ್ಲ ಕಣಪ್ಪ. ನಾನೇ ಹೆಸ್ರೇಳ್ಲಿಲ್ಲ. ಎಲ್ಲಾನೂ ಲೆಕ್ಕಕ್ಕೆ ಕೊಟ್ಬುಟ್ರೆ ನಮ್ತಾವ ಏನುಳೀತದೆ? ಒಂದ್ನ ಆಚೆಗಿಟ್ಕಂಡಿದ್ದೆ."

ಬುಡ್ಡಿಯ ತಳದಲ್ಲಿ ಇನ್ನೂ ಸ್ವಲ್ಪವಿತ್ತು. ಅವನು ನಗುತ್ತಾ ಕೆಂಚಿಗೂ ಚುಚ್ಚಿದ.

ಕಥೆಯಾಗಿದ್ದರೆ ಇಲ್ಲಿಗೆ ಮುಗಿಯುತ್ತಿತ್ತು. ಔಷಧಿ ಮೈಗೆ ಹತ್ತಲು ದಿನ ಬೇಕು ಎಂದು ಕಾಂಪೌಂಡರ್ ಹೇಳಿಯೇ ಹೋಗಿದ್ದ. ಮರುದಿನವೂ ಅದರ ಮರುದಿನವೂ ಕುರಿ ಬಿದ್ದವು. ಒಟ್ಟು ಎಷ್ಟು ಸತ್ತವು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ, ಮತ್ತೆ ಕೇಳಲಿಲ್ಲ. ದಿನವೂ ಹೋಗಿ ಮುಳ್ಳಿನ ಕೊರೆಯ ಮುಂದೆ, ಸ್ಕೂಲಿನ ಜಗಲಿಯ ಮೇಲೆ ಕೂತು, ಹಾಜರಿ ಪುಸ್ತಕದಲ್ಲಿ ಹತ್ತೊಂಬತ್ತು ಗೈರುಹಾಜರಿ ಬರೆದು ಬರುತ್ತಿದ್ದೆ. ಮುಳ್ಳನ್ನು ನಾನೇ ಎಳೆದು ಬಿಸಾಡಬಹುದಿತ್ತು. ಎಳೆಯಲಿಲ್ಲ. ಒಡ್ಡಿದವರೇ ತೆಗೆಯಬೇಕು ಅನ್ನಿಸಿತ್ತು.

ಮುಂದಿನ ಸೋಮವಾರ ಹೋದಾಗ ಬಾಗಿಲಲ್ಲಿ ಮುಳ್ಳಿರಲಿಲ್ಲ.

ಒಳಗೆ ಮಕ್ಕಳು ಕೂತಿದ್ದರು. ಅವಸರಕ್ಕೆ ಬೆರಳೆತ್ತಿ ತಲೆ ಎಣಿಸಿಯೇಬಿಟ್ಟೆ. ಹದಿನೆಂಟು. ಮುಂದಿನ ಸಾಲಿನಲ್ಲಿ ರಂಗಿಯ ಜಾಗ ಖಾಲಿ.

"ಮಕ್ಳುನ್ನೂ ಬೆರ್ಳಿಟ್ಟು ಎಣುಸ್ತಿಯೇನಮ್ಮ?"

ಬಾಗಿಲಲ್ಲಿ ಸಿದ್ದಜ್ಜಿ. ನಾನು ಬೆರಳು ಮಡಿಸಿಕೊಂಡೆ. ಅವಳು ಕಂಬಳಿ ಚೂರಿನ ಗಂಟನ್ನು ಮೇಜಿನ ಮೇಲಿಟ್ಟಳು. "ತಕೋ ನಿನ್ ಬೆಕ್ಕ. ಎಷ್ಟ್ ಅದುಮಿದ್ರೂ ಕಣ್ ಬುಡ್ತಿಲ್ಲ, ಸತ್ತೋಗದೆ." ಬ್ಯಾಟರಿ ಮುಗಿದಿತ್ತು. ಅವಳೂ ಗುಟ್ಟಾಗಿ ಆಡಿ ನೋಡಿದ್ದಳು ಅನ್ನುವುದು ಅಲ್ಲಿಗೆ ಗೊತ್ತಾಯಿತು.

"ಅಜ್ಜಿ," ಅಂದೆ, "ನನ್ನಿಂದಲೇ ಆಯ್ತಾ ಅದು?"

"ನೀನು ಎಣುಸಿದ್ದಕ್ಕೆ ಸತ್ವೋ, ಹಸಿ ಹುಲ್ಲು ತಿಂದು ಸತ್ವೋ, ನಾನೇನ್ ಕಂಡಿದ್ದೀನಿ ತಾಯಿ? ಎಣುಸಿದ್ದಕ್ಕೇ ಉಳುದ್ವು ಅಂಬೋದು ಕಂಡಿದ್ದೀನಿ."

ಅವಳು ಸೆರಗಿನ ಹಿಂದಿನಿಂದ ರಂಗಿಯನ್ನು ಮುಂದಕ್ಕೆ ಎಳೆದಳು. ಎಲ್ಲರೂ ನೋಡುತ್ತಿದ್ದಂತೆ ಆ ಬೆರಳಿನ ಉಣ್ಣೆದಾರವನ್ನು ಸುತ್ತು ಸುತ್ತಾಗಿ ಬಿಚ್ಚಿದಳು. ಚರ್ಮದ ಮೇಲೆ ಬಳೆಬಳೆಯಾಗಿ ಬಿಳಿ ಗೆರೆ ಉಳಿದಿತ್ತು. ರಂಗಿ ಬೆರಳನ್ನು ಒಮ್ಮೆ ಮಡಿಸಿ ನೋಡಿದಳು, ಬಿಡಿಸಿ ನೋಡಿದಳು. ಹೋಗಿ ತನ್ನ ಜಾಗದಲ್ಲಿ ಕೂತು, ಲಂಗದ ಮಡಿಲಿನಿಂದ ಒಂದು ಹಿಡಿ ಹುಣಸೆ ಬೀಜ ಸುರಿದಳು.

ಬಸ್ಸಿನವರು ಹಾರನ್ನು ಒತ್ತುತ್ತಿದ್ದರು. ಮೊಮ್ಮಗಳ ಬೆರಳು ಇನ್ನೂ ನನ್ನ ಮುಷ್ಟಿಯಲ್ಲಿತ್ತು. ನಿಧಾನಕ್ಕೆ ಬಿಟ್ಟೆ. ಮಂದೆಯೆಲ್ಲ ದಾಟಿ ಆಗಿತ್ತು. ಹಿಂದುಳಿದಿದ್ದ ಒಂದು ಕುಂಟು ಕುರಿ ರಸ್ತೆಯ ನಡುವೆ ನಿಂತು ನಮ್ಮನ್ನೇ ನೋಡುತ್ತಿತ್ತು. ಮೊಮ್ಮಗಳು ಅಷ್ಟೂ ಹೊತ್ತು ಮನಸ್ಸಿನಲ್ಲೇ ಎಣಿಸಿಕೊಂಡಿದ್ದಳು.

"ಅಜ್ಜಿ, ಅದನ್ನೂ ಸೇರಿಸ್ಲಾ?"

"ಬೇಡ ಮಗಾ," ಅಂದೆ. "ಅದೊಂದು ಆಚೆಗಿರಲಿ."